ಖಾಲಿ ಉತ್ತರಕ್ಕೆ ಅರ್ಥವೇನು?
ಎಐ ಏಜೆಂಟ್‌ಗಳಿಗೆ ಸಲಕರಣೆಯ ವಿವರಣೆ ಬರೆಯುವ ಬಗೆ

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಲ್ಲಿ ಒಬ್ಬ ಕನ್ನಡ ಶಿಕ್ಷಕಿ ಇದ್ದಾರೆ ಎಂದಿಟ್ಟುಕೊಳ್ಳಿ. ಪಾಠದಲ್ಲಿ 'ಕೊಳಗ' ಎಂಬ ಪದ ಬಂತು. ಕೊಳಗ ನಮ್ಮಲ್ಲಿ ಧಾನ್ಯ ಅಳೆಯಲು ಬಳಸುತ್ತಿದ್ದ ಹಳೆಯ ಅಳತೆ. ಅದರ ಪ್ರಮಾಣ ಎಲ್ಲ ಕಡೆ ಒಂದೇ ಆಗಿರಲಿಲ್ಲ, ಊರಿಂದ ಊರಿಗೆ ಬದಲಾಗುತ್ತಿತ್ತು. ಮಕ್ಕಳು ಮನೆಯಲ್ಲಿ ಅಜ್ಜ-ಅಜ್ಜಿಯರನ್ನು ಕೇಳಿಕೊಂಡು ಬಂದ ಲೆಕ್ಕ ನಿಘಂಟಿನಲ್ಲಿ ಇದೆಯೇ ಎಂಬ ಪ್ರಶ್ನೆ ಎದ್ದಿತು. ಇಲ್ಲದಿದ್ದರೆ ನಿಘಂಟನ್ನು ನಡೆಸುವವರಿಗೆ ತಿಳಿಸಬಹುದಲ್ಲ ಎಂದು ಶಿಕ್ಷಕಿಗೆ ಅನ್ನಿಸಿತು.

ಹಾಗೆ ತಿಳಿಸಲು ದಾರಿಯೇನೋ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ದುಡಿದು ಸಿದ್ಧಪಡಿಸಿದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಅಂತರಜಾಲಕ್ಕೆ ಬಂತು. ಅದನ್ನು ಮುಕ್ತವಾಗಿ ಪ್ರಕಟಿಸುವ ತಾಂತ್ರಿಕ ಕೆಲಸವನ್ನು ಕೈಲಾಶ್ ನಾಧ್ ಮಾಡಿದರು. ಸುಮಾರು 1,50,000 ಪದಗಳು, 2,40,000ದಷ್ಟು ಅರ್ಥವಿವರಣೆಗಳು ಅದರಲ್ಲಿವೆ. ನಿಘಂಟಿನ ಪೂರ್ಣ ದತ್ತಾಂಶವನ್ನು ಗಿಟ್‌ಹಬ್ ಎಂಬ ತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಡಲಾಗಿದೆ. ಗಿಟ್‌ಹಬ್ 2008ರಲ್ಲಿ ಆರಂಭವಾದ, ತಂತ್ರಾಂಶದ ಮೂಲ ಸಂಕೇತಗಳನ್ನು ಇಟ್ಟುಕೊಳ್ಳುವ ತಾಣ. ಇಲ್ಲಿ ಪ್ರತಿಯೊಂದು ಯೋಜನೆಗೂ ಒಂದು ರೆಪೊಸಿಟರಿ, ಅಂದರೆ ಕಡತಗಳ ಭಂಡಾರ ಇರುತ್ತದೆ. ದೋಷಗಳನ್ನೂ ಸಲಹೆಗಳನ್ನೂ ಬರೆಯುವ ಅಹವಾಲಿಗೆ 'ಇಶ್ಯೂ' ಎಂದೂ, ತಿದ್ದುಪಡಿಯನ್ನೇ ಮಾಡಿ 'ಇದನ್ನು ಸೇರಿಸಿಕೊಳ್ಳಿ' ಎಂದು ಕಳುಹಿಸುವ ಮನವಿಗೆ 'ಪುಲ್ ರಿಕ್ವೆಸ್ಟ್' ಎಂದೂ ಹೆಸರು.

ನಮ್ಮ ಶಿಕ್ಷಕಿ ತಮ್ಮ ಗಣಕದಲ್ಲಿರುವ ಎಐ ಸಹಾಯಕನಿಗೆ ಹೀಗೆ ಹೇಳುತ್ತಾರೆ: "ಅಲರ್ ನಿಘಂಟಿನ ದತ್ತಾಂಶದಲ್ಲಿ ಕೊಳಗ ಪದ ಇದೆಯೇ ನೋಡು. ಇದರ ಬಗ್ಗೆ ಬೇರೆ ಯಾರಾದರೂ ಈಗಾಗಲೇ ಬರೆದಿದ್ದಾರೆಯೇ ನೋಡು. ಬರೆದಿಲ್ಲದಿದ್ದರೆ ನನ್ನ ಹೆಸರಿನಲ್ಲಿ ಒಂದು ಅಹವಾಲು ಹಾಕು."

ಒಂದು ನಿಮಿಷದೊಳಗೆ ಉತ್ತರ ಬರುತ್ತದೆ: "ಪದ ನಿಘಂಟಿನಲ್ಲಿ ಇಲ್ಲ. ಯಾರೂ ಇದರ ಬಗ್ಗೆ ಬರೆದಿಲ್ಲ. ನಿಮ್ಮ ಹೆಸರಿನಲ್ಲಿ ಅಹವಾಲು ಹಾಕಿದ್ದೇನೆ."

ಮೊದಲ ಎರಡು ಮಾತುಗಳೂ ತಪ್ಪಾಗಿರಬಹುದು. ಪದ ನಿಘಂಟಿನಲ್ಲಿ ಇದ್ದರೂ, ಅದರ ಬಗ್ಗೆ ಹತ್ತು ಜನ ಈಗಾಗಲೇ ಬರೆದಿದ್ದರೂ ಇದೇ ಉತ್ತರ ಬರಬಹುದು. ಇಷ್ಟಾದರೂ ಎಐ ಸುಳ್ಳು ಹೇಳಿಲ್ಲ, ಗಿಟ್‌ಹಬ್ ಕೆಟ್ಟಿಲ್ಲ, ಅಂತರಜಾಲದ ಸಂಪರ್ಕವೂ ಕಡಿದಿಲ್ಲ. ಹಾಗಾದರೆ ತಪ್ಪು ಎಲ್ಲಿಂದ ಬಂತು? ಬಹುಮಟ್ಟಿಗೆ ಎರಡೋ ಮೂರೋ ವಾಕ್ಯಗಳ ಒಂದು ಬರಹದಿಂದ. ಆ ಬರಹವನ್ನೇ ಈ ಲೇಖನದಲ್ಲಿ ನೋಡೋಣ.

ಏಜೆಂಟ್ ಕಾಣುವುದು ಏನನ್ನು?

ಭಾಷಾ ಮಾದರಿ ಎಂಬುದು ಪಠ್ಯವನ್ನು ಓದಿ ಪಠ್ಯವನ್ನು ಬರೆಯುವ ವ್ಯವಸ್ಥೆ. ತಾನೇ ಅಂತರಜಾಲಕ್ಕೆ ಹೋಗಿ ಏನನ್ನೂ ತರಲಾರದು. ಅದಕ್ಕೆ ಕೈಕಾಲು ಕೊಡುವುದು ಸಲಕರಣೆಗಳು, ತಂತ್ರಜ್ಞರ ಮಾತಿನಲ್ಲಿ 'ಟೂಲ್'ಗಳು. ಸಲಕರಣೆಗಳನ್ನು ಬಳಸಿ ಒಂದರ ನಂತರ ಒಂದು ಹೆಜ್ಜೆ ಇಡುತ್ತಾ ಕೆಲಸ ಮುಗಿಸುವ ಮಾದರಿಗೆ 'ಏಜೆಂಟ್' ಎನ್ನುತ್ತಾರೆ.

ಇದು ನಡೆಯುವ ಕ್ರಮ ಹೀಗೆ. ಶಿಕ್ಷಕಿಯ ಪ್ರಶ್ನೆಯ ಜೊತೆಗೆ, ಲಭ್ಯವಿರುವ ಸಲಕರಣೆಗಳ ಒಂದು ಪಟ್ಟಿಯನ್ನೂ ಮಾದರಿಯ ಮುಂದೆ ಇಡಲಾಗುತ್ತದೆ. ಪಟ್ಟಿಯಲ್ಲಿ ಪ್ರತಿ ಸಲಕರಣೆಗೂ ಹೆಸರು, ಅದು ಏನು ಮಾಡುತ್ತದೆ ಎಂಬ ವಿವರಣೆ, ಅದಕ್ಕೆ ಕೊಡಬೇಕಾದ ಆದಾನಗಳು, ಈ ಮೂರು ಇರುತ್ತವೆ. ಮಾದರಿ ಇವನ್ನು ಓದಿ, 'ಇಂಥ ಸಲಕರಣೆಯನ್ನು ಇಂಥ ಆದಾನಗಳೊಂದಿಗೆ ನಡೆಸು' ಎಂದು ನಿಗದಿತ ರೂಪದಲ್ಲಿ ಬರೆಯುತ್ತದೆ. ಪಕ್ಕದಲ್ಲಿರುವ ಸಾಮಾನ್ಯ ಕ್ರಮವಿಧಿಯೊಂದು ಅದರಂತೆ ಗಿಟ್‌ಹಬ್‌ನ ಎಪಿಐಗೆ ಕೋರಿಕೆ ಕಳುಹಿಸಿ, ಬಂದ ಉತ್ತರವನ್ನು ಮತ್ತೆ ಪಠ್ಯವಾಗಿ ಮಾದರಿಯ ಮುಂದಿಡುತ್ತದೆ. ಎಪಿಐ ಎಂದರೆ ಒಂದು ತಂತ್ರಾಂಶ ಇನ್ನೊಂದರ ಜೊತೆ ವ್ಯವಹರಿಸಲು ಇರುವ ಗೊತ್ತಾದ ಬಾಗಿಲು ಎಂದು ತಿಳಿಯಿರಿ. ಸಲಕರಣೆಗಳನ್ನು ಮಾದರಿಗೆ ಜೋಡಿಸುವ ವಿಧಾನಕ್ಕೆ ಒಂದು ಸಾಮಾನ್ಯ ಒಪ್ಪಂದ ಬೇಕೆಂದು ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್' ಅನ್ನು ಪ್ರಕಟಿಸಿತು. 2025ರ ಏಪ್ರಿಲ್‌ನಲ್ಲಿ ಗಿಟ್‌ಹಬ್ ತನ್ನದೇ ಸಲಕರಣೆಗಳ ಗುಚ್ಛವನ್ನು ಈ ಒಪ್ಪಂದದಂತೆ ಹೊರತಂದಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಲಕರಣೆಯ ಒಳಗಿನ ಸಂಕೇತ ಮಾದರಿಗೆ ಕಾಣುವುದಿಲ್ಲ. ಗಿಟ್‌ಹಬ್‌ನವರು ಬರೆದಿಟ್ಟಿರುವ ನೂರಾರು ಪುಟಗಳ ಕೈಪಿಡಿ ಅದರ ಮುಂದೆ ಇರುವುದಿಲ್ಲ. ಕೈಪಿಡಿಯ ಕೆಲವು ಭಾಗ ತರಬೇತಿಯ ಕಾಲದಲ್ಲಿ ಅದರ ಕಣ್ಣಿಗೆ ಬಿದ್ದಿರಬಹುದು. ಆದರೆ ಅದನ್ನು ನಂಬಿ ಕೂರುವುದು, ಹಿಂದಿನ ವರ್ಷದ ಪಾಠ ವಿದ್ಯಾರ್ಥಿಗೆ ನೆನಪಿದೆ ಎಂದು ನಂಬಿ ಕೂತಂತೆಯೇ. ಆ ಹೊತ್ತಿಗೆ ಖಚಿತವಾಗಿ ಅದರ ಮುಂದಿರುವುದು ವಿವರಣೆಯ ಆ ಕೆಲವು ಸಾಲು ಮಾತ್ರ.

ಕ್ರಮವಿಧಿ ಬರೆಯಲು ಕಲಿಯುವಾಗ, ಸಂಕೇತದ ನಡುವೆ ಬರೆಯುವ ಟಿಪ್ಪಣಿಯನ್ನು ಕಂಪೈಲರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ನೀವು ಓದಿರುತ್ತೀರಿ. ಹಾಗಾಗಿ ಟಿಪ್ಪಣಿ ಬರೆಯುವುದೆಂದರೆ ಬಹಳ ಜನರಿಗೆ ಬೇಸರದ ಕೆಲಸ. ಇಲ್ಲಿ ಲೆಕ್ಕ ತಿರುಗಿದೆ: ಟಿಪ್ಪಣಿಯೇ ಕೆಲಸ ಮಾಡಿಸುತ್ತದೆ.

ಸಿಗಲಿಲ್ಲವೋ, ಹುಡುಕಲಿಲ್ಲವೋ?

ಈಗ ಶಿಕ್ಷಕಿಯ ಮೊದಲ ಪ್ರಶ್ನೆಗೆ ಬರೋಣ. ಏಜೆಂಟ್‌ನ ಪಟ್ಟಿಯಲ್ಲಿ ಹುಡುಕುವ ಸಲಕರಣೆಯೊಂದಿದೆ. ಅದರ ವಿವರಣೆ: "ಭಂಡಾರದಲ್ಲಿ ಪಠ್ಯ ಹುಡುಕುತ್ತದೆ." ಏಜೆಂಟ್ ಅದಕ್ಕೆ 'ಕೊಳಗ' ಎಂದು ಕೊಡುತ್ತದೆ. ಉತ್ತರ: ಶೂನ್ಯ. 'ಪದ ಇಲ್ಲ' ಎಂಬ ತೀರ್ಮಾನ ಸಹಜವೇ ಅಲ್ಲವೇ?

ಗಿಟ್‌ಹಬ್‌ನ ಎಪಿಐ ಮೂಲಕ ನಡೆಯುವ ಈ ಹುಡುಕಾಟಕ್ಕೆ ಕೆಲವು ಮಿತಿಗಳಿವೆ. ಅದು ಭಂಡಾರದ ಪೂರ್ವನಿಯೋಜಿತ ಶಾಖೆಯನ್ನು ಮಾತ್ರ ನೋಡುತ್ತದೆ. ಅದರಲ್ಲೂ 384 ಕಿಲೋಬೈಟ್‌ಗಿಂತ ಚಿಕ್ಕ ಕಡತಗಳನ್ನು ಮಾತ್ರ ಹುಡುಕುತ್ತದೆ. ಅಲರ್‌ನ ಪದಗಳೆಲ್ಲ ಇರುವುದು ಒಂದೇ ದೊಡ್ಡ ಕಡತದಲ್ಲಿ. ಅದರ ಗಾತ್ರವನ್ನು ನೀವೇ ಅಂದಾಜು ಮಾಡಬಹುದು: 2,40,000 ವಿವರಣೆಗಳಲ್ಲಿ ಒಂದೊಂದಕ್ಕೆ ಬರೀ 20 ಬೈಟ್ ಎಂದುಕೊಂಡರೂ 48 ಲಕ್ಷ ಬೈಟ್ ಆಯಿತು. 384 ಕಿಲೋಬೈಟ್‌ನ ಹತ್ತು ಪಟ್ಟಿಗಿಂತಲೂ ಹೆಚ್ಚು! ಅಂದರೆ ಹುಡುಕುವ ಸಲಕರಣೆ ಆ ಕಡತವನ್ನು ತೆರೆದೇ ನೋಡಿಲ್ಲ. 'ಸಿಗಲಿಲ್ಲ' ಎಂಬುದೂ 'ಹುಡುಕಲಿಲ್ಲ' ಎಂಬುದೂ ಏಜೆಂಟ್‌ಗೆ ಒಂದೇ ಸೊನ್ನೆಯಾಗಿ ಕಂಡವು.

ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಇದರ ಸೋದರನನ್ನು ನೀವು ನೋಡಿದ್ದೀರಿ. 0ಯಿಂದ 5 ಆಂಪಿಯರ್ ವ್ಯಾಪ್ತಿಯ ಅಮ್ಮೀಟರಿನಲ್ಲಿ 2 ಮಿಲಿಆಂಪಿಯರ್ ಪ್ರವಾಹ ಹರಿಸಿದರೆ ಮುಳ್ಳು ಅಲುಗಾಡುವುದಿಲ್ಲ. 'ಪ್ರವಾಹ ಇಲ್ಲ' ಎಂದು ಬರೆದುಕೊಂಡ ವಿದ್ಯಾರ್ಥಿಗೆ ನಾವು ಮಾಪಕದ ವ್ಯಾಪ್ತಿಯನ್ನು ತೋರಿಸುತ್ತೇವೆ. ಅಮ್ಮೀಟರಿನ ಮುಖದ ಮೇಲೆ ಆ ವ್ಯಾಪ್ತಿ ಅಚ್ಚಾಗಿರುತ್ತದೆ. ಸಲಕರಣೆಯ ಮುಖವೆಂದರೆ ಅದರ ವಿವರಣೆಯೇ. ಅಲ್ಲಿ ವ್ಯಾಪ್ತಿಯನ್ನು ಅಚ್ಚು ಹಾಕದಿದ್ದರೆ ಮುಳ್ಳನ್ನು ಓದುವವನ ತಪ್ಪೇನು?

ಹಾಗಾಗಿ ವಿವರಣೆ ಹೀಗಿರಲಿ: "ಭಂಡಾರದ ಕಡತಗಳೊಳಗಿನ ಪಠ್ಯವನ್ನು ಹುಡುಕುತ್ತದೆ. ಪೂರ್ವನಿಯೋಜಿತ ಶಾಖೆಯಲ್ಲಿರುವ, 384 ಕಿಲೋಬೈಟ್‌ಗಿಂತ ಚಿಕ್ಕ ಕಡತಗಳನ್ನು ಮಾತ್ರ ನೋಡುತ್ತದೆ. ಫಲಿತಾಂಶ ಶೂನ್ಯವಾದರೆ ಪಠ್ಯ ಭಂಡಾರದಲ್ಲಿ ಇಲ್ಲವೆಂದು ಅರ್ಥವಲ್ಲ. ದೊಡ್ಡ ಕಡತಗಳಿದ್ದರೆ 'ಕಡತದೊಳಗೆ ಹುಡುಕು' ಸಲಕರಣೆಯನ್ನು ಬಳಸು." ನಿಜವಾದ ವ್ಯವಸ್ಥೆಗಳಲ್ಲಿ ಸಲಕರಣೆಯ ಹೆಸರು ರೋಮನ್ ಲಿಪಿಯಲ್ಲಿರುತ್ತದೆ, ವಿವರಣೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಬರೆದರೂ ಇಂದಿನ ದೊಡ್ಡ ಮಾದರಿಗಳು ಓದುತ್ತವೆ. ಆದರೆ ಅದೇ ಅರ್ಥಕ್ಕೆ ಕನ್ನಡ ಪಠ್ಯ ಹೆಚ್ಚು ಟೋಕನ್‌ಗಳನ್ನು, ಅಂದರೆ ಮಾದರಿ ಪಠ್ಯವನ್ನು ಒಡೆದುಕೊಳ್ಳುವ ತುಣುಕುಗಳನ್ನು, ತೆಗೆದುಕೊಳ್ಳುತ್ತದೆ.

'ಕಡತದೊಳಗೆ ಹುಡುಕು' ಎಂಬ ಸಲಕರಣೆ ಪಟ್ಟಿಯಲ್ಲಿ ಇಲ್ಲದಿದ್ದರೆ? ಆಗ ಅದನ್ನು ಮಾಡಬೇಕು. ವಿವರಣೆಯನ್ನು ಪ್ರಾಮಾಣಿಕವಾಗಿ ಬರೆಯಲು ಕುಳಿತಾಗಲೇ ಸಲಕರಣೆಯಲ್ಲಿರುವ ಕೊರತೆ ಗೊತ್ತಾಗುವುದು ಈ ಕೆಲಸದಲ್ಲಿ ತೀರ ಸಾಮಾನ್ಯ. ಎಷ್ಟು ಚೆನ್ನಾಗಿ ಬರೆದರೂ ಅರ್ಥವಾಗದ ಸಲಕರಣೆಯನ್ನು ಒಡೆದು ಕಟ್ಟುವುದೇ ಮೇಲು.

ಕನ್ನಡಕ್ಕೆ ಸಂಬಂಧಿಸಿದ ಇನ್ನೊಂದು ತೊಡಕನ್ನು ಇಲ್ಲೇ ಹೇಳಬೇಕು, ಏಕೆಂದರೆ ಇಂಗ್ಲಿಷಿನಲ್ಲಿ ಬರೆಯುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಯೂನಿಕೋಡ್‌ನಲ್ಲಿ 'ಕೊ' ಎಂಬುದನ್ನು ಎರಡು ರೀತಿಯಲ್ಲಿ ಬರೆಯಬಹುದು. 'ಕ' ವ್ಯಂಜನಕ್ಕೆ 'ಒ' ಸ್ವರಚಿಹ್ನೆಯ ಒಂದೇ ಸಂಕೇತವನ್ನು ಸೇರಿಸುವುದು ಒಂದು ರೀತಿ. 'ಎ' ಸ್ವರಚಿಹ್ನೆ ಮತ್ತು 'ಊ' ಸ್ವರಚಿಹ್ನೆಗಳ ಎರಡು ಸಂಕೇತಗಳನ್ನು ಒಂದರ ಹಿಂದೊಂದು ಸೇರಿಸುವುದು ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಆದ್ದರಿಂದ ಮೊದಲ ರೀತಿಯ 'ಕೊಳಗ' 4 ಸಂಕೇತ, 12 ಬೈಟ್. ಎರಡನೆಯ ರೀತಿಯ 'ಕೊಳಗ' 5 ಸಂಕೇತ, 15 ಬೈಟ್. ಬೈಟ್‌ಗಳನ್ನು ನೇರವಾಗಿ ಹೋಲಿಸುವ ಸಲಕರಣೆ ಒಂದನ್ನು ಕೇಳಿದರೆ ಇನ್ನೊಂದನ್ನು ಕಾಣಲಾರದು. ಮತ್ತೆ ಅದೇ ಸೊನ್ನೆ! "ಹೋಲಿಸುವ ಮೊದಲು ಎರಡೂ ಪಠ್ಯಗಳನ್ನು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತರಲಾಗುತ್ತದೆ" ಎಂಬ ಒಂದು ವಾಕ್ಯ ವಿವರಣೆಯಲ್ಲಿರಬೇಕು. ವಾಕ್ಯ ಇದ್ದರೆ ಸಾಲದು, ಸಲಕರಣೆ ಹಾಗೆ ಮಾಡಲೂ ಬೇಕು.

ಖಾಲಿ ಉತ್ತರ ಬರೀ ತಪ್ಪು ತೀರ್ಮಾನಕ್ಕೆ ನಿಲ್ಲದೆ ಹಾನಿಯನ್ನೂ ಮಾಡಬಲ್ಲದು. ಶಿಕ್ಷಕಿ ಆ ಭಂಡಾರದ ಒಂದು ಪ್ರತಿಯನ್ನು ತಮ್ಮ ಖಾತೆಗೆ ಮಾಡಿಕೊಂಡು, "ನನ್ನ ಪ್ರತಿಯಲ್ಲಿ ಈ ಅರ್ಥವನ್ನು ಸೇರಿಸು" ಎಂದರು ಎನ್ನಿ. ಏಜೆಂಟ್ ಮೊದಲು ಕಡತವನ್ನು ಓದಬೇಕು. ಗಿಟ್‌ಹಬ್‌ನ ನಿಯಮದಂತೆ 1 ಮೆಗಾಬೈಟ್‌ವರೆಗಿನ ಕಡತದ ಪಠ್ಯ ನೇರವಾಗಿ ಸಿಗುತ್ತದೆ. 1ರಿಂದ 100 ಮೆಗಾಬೈಟ್‌ವರೆಗಿನದನ್ನು ಕಚ್ಚಾ ರೂಪದಲ್ಲಿ ಕೇಳಿದರೆ ಮಾತ್ರ ಪಠ್ಯ ಬರುತ್ತದೆ. ಜೇಸನ್ ವಸ್ತುವಿನ ರೂಪದಲ್ಲಿ ಕೇಳಿದರೆ ಪಠ್ಯವಿರಬೇಕಾದ ಜಾಗ ಖಾಲಿ. ಆದರೆ ಕಡತದ ಹೆಸರು, ಗಾತ್ರ, ಅದರ ಈಗಿನ ಆವೃತ್ತಿಯ ಗುರುತು ಎಲ್ಲವೂ ಬರುತ್ತವೆ. ಈ ಗುರುತಿಗೆ 'ಶಾ' ಎನ್ನುತ್ತಾರೆ. ಕಡತವನ್ನು ಬದಲಿಸುವಾಗ ಅದನ್ನು ತೋರಿಸಬೇಕು; ನಡುವೆ ಬೇರೆಯವರು ಕಡತವನ್ನು ಬದಲಿಸಿದ್ದರೆ ಗುರುತು ತಾಳೆಯಾಗದೆ ಕೋರಿಕೆ ತಿರಸ್ಕಾರವಾಗುತ್ತದೆ. ಒಳ್ಳೆಯ ಕಾವಲು. ಆದರೆ ನಮ್ಮ ಏಜೆಂಟ್‌ಗೆ ಸರಿಯಾದ ಗುರುತೇ ಸಿಕ್ಕಿದೆಯಲ್ಲ! ಕಡತ ಖಾಲಿ ಇದೆ ಎಂದು ಭಾವಿಸಿ, ಕೊಳಗದ ಒಂದು ನಮೂದನ್ನು ಬರೆದು, ಸರಿಯಾದ ಗುರುತಿನೊಂದಿಗೆ ಕಳುಹಿಸುತ್ತದೆ. ಬದಲಿಸುವ ಕೋರಿಕೆ ಇಡೀ ಕಡತದ ಜಾಗಕ್ಕೆ ಹೊಸ ಪಠ್ಯವನ್ನು ಕೂರಿಸುತ್ತದೆ. ಒಂದೂವರೆ ಲಕ್ಷ ಪದಗಳ ಜಾಗದಲ್ಲಿ ಈಗ ಒಂದು ಪದ.

ಗಿಟ್ ಹಳೆಯ ಆವೃತ್ತಿಗಳನ್ನು ಇಟ್ಟುಕೊಂಡಿರುವುದರಿಂದ ಹಿಂದಕ್ಕೆ ಹೋಗಬಹುದು ನಿಜ. ಆದರೆ ಆಗಿರುವುದು ಗೊತ್ತಾದರೆ ತಾನೇ ಹಿಂದಕ್ಕೆ ಹೋಗುವುದು? ಓದುವ ಸಲಕರಣೆಯ ವಿವರಣೆಯಲ್ಲಿ "ಪಠ್ಯ ಖಾಲಿಯಾಗಿದ್ದು ಗಾತ್ರ ಸೊನ್ನೆಯಲ್ಲದಿದ್ದರೆ ಕಡತ ದೊಡ್ಡದು ಎಂದರ್ಥ; ಖಾಲಿ ಎಂದಲ್ಲ" ಎಂದೂ, ಬರೆಯುವ ಸಲಕರಣೆಯ ವಿವರಣೆಯಲ್ಲಿ "ಇದು ಸಾಲನ್ನು ಸೇರಿಸುವುದಿಲ್ಲ, ಇಡೀ ಕಡತವನ್ನು ಬದಲಿಸುತ್ತದೆ" ಎಂದೂ ಇದ್ದರೆ ಈ ಅನಾಹುತದ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಕಳುಹಿಸುವ ಪಠ್ಯ ಬೇಸ್64 ರೂಪದಲ್ಲಿರಬೇಕು ಎಂಬುದನ್ನೂ ಹೇಳಬೇಕು. ಆ ರೂಪದಲ್ಲಿ ಪ್ರತಿ 3 ಬೈಟ್‌ಗೆ 4 ಅಕ್ಷರಗಳಾಗುವುದರಿಂದ 12 ಬೈಟ್‌ನ 'ಕೊಳಗ' 16 ಅಕ್ಷರವಾಗುತ್ತದೆ. ಈ ಪರಿವರ್ತನೆಯನ್ನು ಮಾದರಿಗೆ ಬಿಡದೆ ಸಲಕರಣೆಯೇ ಮಾಡಿಕೊಳ್ಳುವುದು ಜಾಣತನ. ಲೆಕ್ಕ ಹಾಕುವ ಯಂತ್ರ ಪಕ್ಕದಲ್ಲೇ ಇರುವಾಗ ಬಾಯಿಲೆಕ್ಕ ಏಕೆ?

ಅಹವಾಲುಗಳ ಪಟ್ಟಿ

ಎರಡನೆಯ ಪ್ರಶ್ನೆ: ಯಾರಾದರೂ ಈಗಾಗಲೇ ಬರೆದಿದ್ದಾರೆಯೇ? ಇದಕ್ಕೆ ಏಜೆಂಟ್ "ಭಂಡಾರದ ಇಶ್ಯೂಗಳನ್ನು ಕೊಡುತ್ತದೆ" ಎಂಬ ವಿವರಣೆಯ ಸಲಕರಣೆಯನ್ನು ಎತ್ತಿಕೊಳ್ಳುತ್ತದೆ. ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಆದರೆ ಗಿಟ್‌ಹಬ್‌ನ ಎಪಿಐ ಬೇರೇನೂ ಹೇಳದಿದ್ದರೆ ಇನ್ನೂ ತೆರೆದಿರುವ ಅಹವಾಲುಗಳನ್ನು ಮಾತ್ರ ಕೊಡುತ್ತದೆ. ಯಾರೋ ಹಿಂದೆಯೇ ಕೊಳಗದ ಬಗ್ಗೆ ಬರೆದು, ಅದಕ್ಕೆ ಉತ್ತರವೂ ಬಂದು, ಅಹವಾಲು ಮುಚ್ಚಿದ್ದರೆ ಅದು ಕಾಣುವುದಿಲ್ಲ. ಇನ್ನು ಒಂದು ಸಲಕ್ಕೆ ಬರುವುದು 30 ಮಾತ್ರ. ಕೇಳಿದರೂ 100ಕ್ಕಿಂತ ಹೆಚ್ಚು ಬರುವುದಿಲ್ಲ. ಮುಂದಿನ ಪುಟ ಇದೆ ಎಂಬ ಸುದ್ದಿ ಉತ್ತರದ ಒಡಲಲ್ಲಿ ಇರದೆ 'ಲಿಂಕ್' ಎಂಬ ಹೆಡರ್‌ನಲ್ಲಿ ಬರುತ್ತದೆ. ಸಲಕರಣೆ ಕಟ್ಟಿದವರು ಒಡಲನ್ನು ಮಾತ್ರ ಮಾದರಿಗೆ ದಾಟಿಸಿದ್ದರೆ ಆ ಸುದ್ದಿ ದಾರಿಯಲ್ಲೇ ಬಿದ್ದುಹೋಯಿತು. ಲಕೋಟೆಯ ಮೇಲೆ 'ಪುಟ 1, ಒಟ್ಟು 4' ಎಂದು ಬರೆದು ಒಳಗಿನ ಕಾಗದವನ್ನು ಮಾತ್ರ ಕೈಗೆ ಕೊಟ್ಟ ಹಾಗೆ.

ಇದರ ಜೊತೆಗೆ ಗಿಟ್‌ಹಬ್‌ನ ಒಂದು ವಿಚಿತ್ರ ಕಟ್ಟಳೆಯಿದೆ. ಅದರ ಲೆಕ್ಕದಲ್ಲಿ ಪ್ರತಿ ಪುಲ್ ರಿಕ್ವೆಸ್ಟೂ ಒಂದು ಇಶ್ಯೂವೇ. ಇಶ್ಯೂಗಳ ಪಟ್ಟಿ ಕೇಳಿದರೆ ತಿದ್ದುಪಡಿಯ ಮನವಿಗಳೂ ಅದರಲ್ಲಿ ಬೆರೆತು ಬರುತ್ತವೆ. ಮನವಿಗಳ ಜೊತೆ 'ಪುಲ್ ರಿಕ್ವೆಸ್ಟ್' ಎಂಬ ಹೆಚ್ಚಿನ ಅಂಶ ಇರುವುದೊಂದೇ ಗುರುತು. "ಎಷ್ಟು ಅಹವಾಲುಗಳಿವೆ?" ಎಂದು ಕೇಳಿದರೆ ಏಜೆಂಟ್ ಎರಡನ್ನೂ ಕೂಡಿಸಿ ಹೇಳುವುದು ಇದರಿಂದಲೇ. ಹೀಗೇಕೆ ಮಾಡಿದರು ಎಂಬುದು ಬೇರೆ ವಿಚಾರ. ನಾವು ಬರೆಯುವ ವಿವರಣೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ಪುನಃ ಬರೆದರೆ ಹೀಗಾಗುತ್ತದೆ: "ಒಂದು ಭಂಡಾರದ ಅಹವಾಲುಗಳನ್ನು ಪುಟಪುಟವಾಗಿ ಕೊಡುತ್ತದೆ. ಸ್ಥಿತಿ ಹೇಳದಿದ್ದರೆ ತೆರೆದಿರುವವು ಮಾತ್ರ. ಒಂದು ವಿಷಯ ಹಿಂದೆ ಬಂದಿತ್ತೇ ಎಂದು ತಿಳಿಯಲು ಸ್ಥಿತಿಯನ್ನು 'ಎಲ್ಲ' ಎಂದು ಕೊಡು. ಪುಟಕ್ಕೆ 30, ಗರಿಷ್ಠ 100. 'ಮುಂದಿನ ಪುಟ ಇದೆ' ಎಂದು ಬಂದರೆ ಪಟ್ಟಿ ಪೂರ್ಣವಲ್ಲ. ಪುಲ್ ರಿಕ್ವೆಸ್ಟ್‌ಗಳೂ ಸೇರಿರುತ್ತವೆ. ನಿರ್ದಿಷ್ಟ ಪದವನ್ನು ಹುಡುಕಲು ಈ ಪಟ್ಟಿಯನ್ನು ಓದುವ ಬದಲು 'ಇಶ್ಯೂ ಹುಡುಕು' ಸಲಕರಣೆಯನ್ನು ಬಳಸು."

ಕೊನೆಯ ವಾಕ್ಯ ಬಹಳ ಬೆಲೆಯುಳ್ಳದ್ದು. ಸಲಕರಣೆಗಳ ಪಟ್ಟಿಯಲ್ಲಿ ಹತ್ತಾರು ಇರುತ್ತವೆ. ಹೋಲುವ ಹೆಸರಿನವು ಅಕ್ಕಪಕ್ಕ ಇರುತ್ತವೆ. ಒಂದೊಂದರ ವಿವರಣೆಯನ್ನೂ ಬೇರೆ ಬೇರೆಯಾಗಿ ಚೆನ್ನಾಗಿ ಬರೆದರೂ, 'ಇದನ್ನು ಬಿಟ್ಟು ಅದನ್ನು ಯಾವಾಗ ಬಳಸಬೇಕು' ಎಂದು ಹೇಳದಿದ್ದರೆ ಆಯ್ಕೆ ಅದೃಷ್ಟಕ್ಕೆ ಬಿಟ್ಟಂತೆ. ಹಾಗೆಂದು ಉದ್ದವಾಗಿ ಬರೆದಷ್ಟೂ ಒಳ್ಳೆಯದೆಂದು ತಿಳಿಯಬೇಡಿ. ಪಟ್ಟಿಯ ಅಷ್ಟೂ ವಿವರಣೆಗಳು ಪ್ರತಿ ಸಲ ಮಾದರಿಯ ಮುಂದೆ ಜಾಗ ಹಿಡಿಯುತ್ತವೆ. ಗಿಟ್‌ಹಬ್‌ನ ಗುಚ್ಛದಲ್ಲಿ ಸಲಕರಣೆಗಳನ್ನು ಗುಂಪುಗಳಾಗಿ ಮಾಡಿ, ಬೇಕಾದ ಗುಂಪನ್ನು ಮಾತ್ರ ತೆರೆಯಲು ಅವಕಾಶ ಕೊಟ್ಟಿರುವುದು ಈ ಕಾರಣಕ್ಕೂ ಹೌದು.

ಹೆಸರು, ಸಂಖ್ಯೆ, ಗಂಟೆ

ಆದಾನಗಳ ವಿವರಣೆಯಲ್ಲೂ ಎಡವುವ ಜಾಗಗಳಿವೆ. ನಮ್ಮ ರಾಜ್ಯದಲ್ಲಿ ಹೊಸಹಳ್ಳಿ ಎಂಬ ಊರು ಎಷ್ಟೋ ಇವೆ. ತಾಲ್ಲೂಕು, ಹೋಬಳಿ ಹೇಳದೆ ಕಾಗದ ಹಾಕಿದರೆ ಅದು ಎಲ್ಲಿಗೆ ಹೋಗುತ್ತದೋ! ಭಂಡಾರದ ಹೆಸರೂ ಹೀಗೆಯೇ. ಯಾರ ಖಾತೆಯದು ಎಂಬುದೂ ಸೇರಿದಾಗಲೇ ಅದು ಪೂರ್ಣ ವಿಳಾಸ. ಶಿಕ್ಷಕಿಯ ಪ್ರತಿಗೂ ಮೂಲಕ್ಕೂ ಭಂಡಾರದ ಹೆಸರು ಒಂದೇ ಇರಬಹುದು, ಖಾತೆ ಮಾತ್ರ ಬೇರೆ. ಅಹವಾಲು ಮೂಲಕ್ಕೆ ಹೋಗಬೇಕು, ತಿದ್ದುಪಡಿ ಪ್ರತಿಯಲ್ಲಿ ನಡೆಯಬೇಕು.

ಅಹವಾಲಿಗೆ ಎರಡು ಸಂಖ್ಯೆಗಳಿರುತ್ತವೆ. ಆ ಭಂಡಾರದೊಳಗಿನ ಕ್ರಮಸಂಖ್ಯೆ ಒಂದು, ಇಡೀ ಗಿಟ್‌ಹಬ್‌ಗೆ ಅನ್ವಯಿಸುವ ಉದ್ದನೆಯ ಗುರುತು ಸಂಖ್ಯೆ ಇನ್ನೊಂದು. ತರಗತಿಯ ಹಾಜರಿ ಸಂಖ್ಯೆ ಮತ್ತು ಪರೀಕ್ಷೆಯ ನೋಂದಣಿ ಸಂಖ್ಯೆ ಇದ್ದ ಹಾಗೆ. ಗಿಟ್‌ಲ್ಯಾಬ್ ಎಂಬ ಇನ್ನೊಂದು ತಾಣದಲ್ಲಿ ಮೊದಲನೆಯದಕ್ಕೆ 'ಐಐಡಿ', ಎರಡನೆಯದಕ್ಕೆ 'ಐಡಿ' ಎಂದು ಹೆಸರು, ಒಂದಕ್ಷರದ ವ್ಯತ್ಯಾಸ. ಅಲ್ಲಿ ಪುಲ್ ರಿಕ್ವೆಸ್ಟ್‌ಗೆ 'ಮರ್ಜ್ ರಿಕ್ವೆಸ್ಟ್' ಎನ್ನುತ್ತಾರೆ. ಬರೀ 'ಸಂಖ್ಯೆ' ಎಂದು ಬರೆಯುವ ಬದಲು "ಜಾಲಪುಟದ ವಿಳಾಸದ ಕೊನೆಯಲ್ಲಿ ಕಾಣುವ ಕ್ರಮಸಂಖ್ಯೆ, ಉದಾಹರಣೆಗೆ 42" ಎಂದು ಬರೆದರೆ ಗೊಂದಲಕ್ಕೆ ಎಡೆಯಿಲ್ಲ. ಒಂದು ಉದಾಹರಣೆ ಮೂರು ವಾಕ್ಯಗಳ ಕೆಲಸ ಮಾಡುತ್ತದೆ ಎಂಬುದು ಪಾಠ ಮಾಡುವವರಿಗೆ ಹೊಸದೇನಲ್ಲ.

ಕಾಲದ ವಿಷಯ. ಗಿಟ್‌ಹಬ್ ದಿನಾಂಕಗಳನ್ನು ಯುಟಿಸಿಯಲ್ಲಿ ಕೊಡುತ್ತದೆ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಸಮೇತನಹಳ್ಳಿಯಲ್ಲಿ ನವೆಂಬರ್ 1ರ ಬೆಳಗಿನ ಜಾವ 4 ಗಂಟೆಗೆ ಬರೆದ ಅಹವಾಲು ಅಲ್ಲಿ ಅಕ್ಟೋಬರ್ 31ರ ರಾತ್ರಿ 10.30 ಎಂದು ದಾಖಲಾಗುತ್ತದೆ. "ರಾಜ್ಯೋತ್ಸವದ ನಂತರ ಬಂದ ಅಹವಾಲುಗಳನ್ನು ತೋರಿಸು" ಎಂದರೆ ಅದು ಬಿಟ್ಟುಹೋಗಬಹುದು. ಅಷ್ಟೇ ಅಲ್ಲ, ಅಹವಾಲುಗಳ ಪಟ್ಟಿಗೆ 'ಇಂಥ ದಿನದಿಂದ' ಎಂದು ಕೊಡುವ ಆದಾನ ನೋಡುವುದು ಕೊನೆಯ ಬಾರಿ ಬದಲಾದ ಹೊತ್ತನ್ನು, ಬರೆದ ಹೊತ್ತನ್ನಲ್ಲ. ಹಳೆಯ ಅಹವಾಲಿಗೆ ನಿನ್ನೆ ಯಾರಾದರೂ ಉತ್ತರ ಬರೆದಿದ್ದರೆ ಅದೂ ಪಟ್ಟಿಗೆ ಬಂತು.

ದೋಷಸೂಚನೆಗಳಿಗೂ ಒಂದು ಮಾತು ಬೇಕು. ಖಾಸಗಿ ಭಂಡಾರವೊಂದನ್ನು ನೋಡುವ ಅನುಮತಿ ನಿಮಗಿಲ್ಲದಿದ್ದರೆ ಗಿಟ್‌ಹಬ್ 'ಅನುಮತಿ ಇಲ್ಲ' ಎನ್ನುವ ಬದಲು 404, ಅಂದರೆ 'ಸಿಗಲಿಲ್ಲ' ಎನ್ನುತ್ತದೆ. ಅಂಥ ಭಂಡಾರ ಇದೆ ಎಂಬುದೂ ಹೊರಗಿನವರಿಗೆ ತಿಳಿಯಬಾರದೆಂಬ ಎಚ್ಚರ ಇದಕ್ಕೆ ಕಾರಣ. ಏಜೆಂಟ್ ಇದನ್ನು ಓದಿ, "ನಿಮ್ಮ ಭಂಡಾರ ಅಳಿಸಿಹೋಗಿದೆ" ಎಂದು ಹೇಳಿ ಬಳಕೆದಾರರ ಎದೆ ಒಡೆಯಬಹುದು. "404 ಎಂದರೆ ಇಲ್ಲ ಅಥವಾ ಅನುಮತಿ ಇಲ್ಲ; ಎರಡರಲ್ಲಿ ಯಾವುದೆಂದು ಇದರಿಂದ ತಿಳಿಯದು" ಎಂದು ಮೊದಲೇ ಬರೆದಿಡುವುದು ಒಳ್ಳೆಯದು.

ವಿವರಣೆಯ ಮಿತಿ

ಓದುವ ಸಲಕರಣೆಗಳಿಗೂ ಬದಲಿಸುವ, ಅಳಿಸುವ ಸಲಕರಣೆಗಳಿಗೂ ನಡುವೆ ಗೆರೆ ಎಳೆಯಬೇಕು. ಮೇಲೆ ಹೇಳಿದ ಒಪ್ಪಂದದಲ್ಲಿ 'ಇದು ಓದಲು ಮಾತ್ರ', 'ಇದು ನಾಶ ಮಾಡಬಲ್ಲದು', 'ಇದನ್ನು ಎರಡು ಸಲ ನಡೆಸಿದರೂ ಪರಿಣಾಮ ಒಂದೇ' ಎಂಬಂಥ ಸುಳಿವುಗಳನ್ನು ಪ್ರತ್ಯೇಕವಾಗಿ ಕೊಡಲು ಜಾಗವಿದೆ. ಅಹವಾಲು ಹಾಕುವ ಸಲಕರಣೆಗೆ ಮೂರನೆಯ ಸುಳಿವು ಸಲ್ಲದು: ಸಂಪರ್ಕ ಕಡಿದು ಉತ್ತರ ಬರಲಿಲ್ಲವೆಂದು ಏಜೆಂಟ್ ಮತ್ತೊಮ್ಮೆ ನಡೆಸಿದರೆ ಶಿಕ್ಷಕಿಯ ಹೆಸರಿನಲ್ಲಿ ಎರಡು ಅಹವಾಲುಗಳಾಗುತ್ತವೆ. ಅದನ್ನು ಓದಿ ಉತ್ತರಿಸಬೇಕಾದವರು ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಈ ಕೆಲಸ ಮಾಡುವವರಾಗಿದ್ದರಂತೂ ಅವರ ಸಮಯಕ್ಕೆ ಬೆಲೆ ಕಟ್ಟುವವರಿಲ್ಲ.

ಆದರೆ ಈ ಸುಳಿವುಗಳು ಸುಳಿವುಗಳು ಮಾತ್ರ, ಬೀಗವಲ್ಲ. ವಿವರಣೆಯಲ್ಲಿ "ದಯವಿಟ್ಟು ಅಳಿಸಬೇಡ" ಎಂದು ಬರೆಯುವುದಕ್ಕಿಂತ ಅಳಿಸುವ ಸಲಕರಣೆಯನ್ನೇ ಪಟ್ಟಿಯಿಂದ ತೆಗೆಯುವುದು ಲೇಸು. ಬೆಂಗಳೂರಿನ ಝೆರೋಧಾ ಸಂಸ್ಥೆ 2025ರಲ್ಲಿ ಷೇರು ಖಾತೆಗಳಿಗೆ ಇಂಥ ಸಲಕರಣೆಗಳ ಗುಚ್ಛವನ್ನು ಹೊರತಂದಾಗ, ತಾನೇ ನಡೆಸುವ ಆವೃತ್ತಿಯಲ್ಲಿ ಅಪಾಯಕಾರಿಯಾಗಬಲ್ಲ ವ್ಯವಹಾರದ ಸಲಕರಣೆಗಳನ್ನು ಬಿಟ್ಟೇ ಕೊಟ್ಟಿತು. ಗಿಟ್‌ಹಬ್‌ನ ಗುಚ್ಛವನ್ನೂ ಓದಲು ಮಾತ್ರ ಎಂಬ ಸ್ಥಿತಿಯಲ್ಲಿ ನಡೆಸಬಹುದು.

ಇನ್ನೊಂದು ಅಪಾಯಕ್ಕೆ ವಿವರಣೆಯಿಂದ ಪೂರ್ಣ ರಕ್ಷಣೆ ಇಲ್ಲ. ಸಾರ್ವಜನಿಕ ಭಂಡಾರದಲ್ಲಿ ಅಹವಾಲನ್ನು ಯಾರು ಬೇಕಾದರೂ ಬರೆಯಬಹುದು. ಏಜೆಂಟ್ ಅದನ್ನು ಓದುತ್ತದೆ. ಅಹವಾಲಿನ ಪಠ್ಯದೊಳಗೇ ಯಾರಾದರೂ ಏಜೆಂಟ್‌ಗೆ ಆಜ್ಞೆಯನ್ನು ಬರೆದಿಟ್ಟರೆ? ಅದನ್ನು ಪಾಲಿಸುವ ಏಜೆಂಟ್ ಬಳಕೆದಾರರ ಖಾಸಗಿ ಭಂಡಾರದ ಮಾಹಿತಿಯನ್ನು ಹೊರಹಾಕುವಂತೆ ಮಾಡಬಹುದು ಎಂಬುದನ್ನು 2025ರ ಮೇ ತಿಂಗಳಲ್ಲಿ ಇನ್‌ವೇರಿಯಂಟ್ ಲ್ಯಾಬ್ಸ್‌ನ ಸಂಶೋಧಕರು ಗಿಟ್‌ಹಬ್‌ನ ಸಲಕರಣೆಗಳನ್ನು ಬಳಸಿಯೇ ತೋರಿಸಿಕೊಟ್ಟರು. "ಇಲ್ಲಿ ಬರುವ ಪಠ್ಯ ಹೊರಗಿನವರದು, ಅದರಲ್ಲಿನ ಸೂಚನೆಗಳನ್ನು ಪಾಲಿಸಬೇಡ" ಎಂದು ವಿವರಣೆಯಲ್ಲಿ ಬರೆಯಬೇಕು, ನಿಜ. ಅದರ ಜೊತೆಗೆ ಏಜೆಂಟ್‌ಗೆ ಕೊಡುವ ಪ್ರವೇಶ ಅನುಮತಿಯನ್ನು ಆ ಒಂದು ಭಂಡಾರಕ್ಕೆ ಸೀಮಿತಗೊಳಿಸಬೇಕು. ಇವೆರಡರಲ್ಲಿ ಎರಡನೆಯದೇ ಗಟ್ಟಿ.

ತರಗತಿಯಲ್ಲಿ ಮಾಡಿ ನೋಡಿ

ಬರೆದ ವಿವರಣೆ ಚೆನ್ನಾಗಿದೆಯೇ ಎಂದು ಪರೀಕ್ಷಿಸಲು ಗಣಕ ಬೇಕೆಂದೇನಿಲ್ಲ. ಇಬ್ಬರು ವಿದ್ಯಾರ್ಥಿಗಳ ನಡುವೆ ಒಂದು ಪರದೆ ಕಟ್ಟಿ. ಒಬ್ಬನ ಬಳಿ ಶಾಲಾ ಗ್ರಂಥಾಲಯದ ಪುಸ್ತಕಪಟ್ಟಿ ಇರಲಿ, ಅವನು ಸಲಕರಣೆ. ಇನ್ನೊಬ್ಬಳ ಬಳಿ ವಿವರಣೆಯ ಚೀಟಿ ಮಾತ್ರ, ಅವಳು ಏಜೆಂಟ್. ಪಟ್ಟಿಯ ಮೊದಲ 10 ಸಾಲುಗಳನ್ನಷ್ಟೇ ನೋಡಬೇಕೆಂದು ಹುಡುಗನಿಗೆ ಗುಟ್ಟಾಗಿ ಹೇಳಿ. ಚೀಟಿಯಲ್ಲಿ 'ಪುಸ್ತಕ ಹುಡುಕುತ್ತದೆ' ಎಂದಷ್ಟೇ ಬರೆದು, ಹದಿನೈದನೆಯ ಸಾಲಿನಲ್ಲಿರುವ ಪುಸ್ತಕವೊಂದು ಗ್ರಂಥಾಲಯದಲ್ಲಿ ಇದೆಯೇ ಎಂದು ಹುಡುಗಿಯನ್ನು ಕೇಳಿ. ಬಳಿಕ ಚೀಟಿಯನ್ನು ತಿದ್ದಲು ಇಡೀ ತರಗತಿಗೆ ಬಿಡಿ. ಎಷ್ಟು ಪದಗಳಲ್ಲಿ ಸರಿಯಾಯಿತು ಎಂದು ಎಣಿಸಿ. ಅತಿ ಕಡಿಮೆ ಪದಗಳಲ್ಲಿ ಸರಿಪಡಿಸಿದವರ ಚೀಟಿಯನ್ನು ಗೋಡೆಗೆ ಅಂಟಿಸಬಹುದು.

ಗಣಕ ಕೊಠಡಿ ಇರುವ ಶಾಲೆ-ಕಾಲೇಜುಗಳವರು ಗಿಟ್‌ಹಬ್‌ನ ಎಪಿಐಯನ್ನು ನೇರವಾಗಿಯೂ ಪರೀಕ್ಷಿಸಬಹುದು. ಸಾರ್ವಜನಿಕ ಭಂಡಾರಗಳ ಅಹವಾಲುಗಳನ್ನು ನೋಡಲು ಖಾತೆ ಬೇಕಿಲ್ಲ. ಆದರೆ ಖಾತೆಯಿಲ್ಲದೆ ಕಳುಹಿಸುವ ಕೋರಿಕೆಗಳಿಗೆ ಗಂಟೆಗೆ 60ರ ಮಿತಿಯಿದೆ. ಖಾತೆಯ ಟೋಕನ್ ಇದ್ದರೆ ಸಾಮಾನ್ಯವಾಗಿ 5,000. ಆ 60ನ್ನು ಎಣಿಸುವುದು ಅಂತರಜಾಲ ಸಂಪರ್ಕದ ವಿಳಾಸಕ್ಕೆ, ಗಣಕಕ್ಕಲ್ಲ. ಒಂದೇ ಸಂಪರ್ಕವನ್ನು ಹಂಚಿಕೊಂಡಿರುವ 30 ಗಣಕಗಳಿಗೆ ತಲಾ ಎರಡು ಕೋರಿಕೆ ಬಂದರೆ ಮುಗಿಯಿತು. ಆಮೇಲೆ ಬರುವ 403 ಅಥವಾ 429 ಎಂಬ ಉತ್ತರವನ್ನು ನೋಡಿ ಭಂಡಾರವೇ ಇಲ್ಲವೆಂದುಕೊಳ್ಳದೆ, ಉಳಿದ ಕೋರಿಕೆಗಳ ಲೆಕ್ಕವನ್ನು ಹೆಡರ್‌ನಲ್ಲಿ ಓದಿ ನೋಡಲು ವಿದ್ಯಾರ್ಥಿಗಳಿಗೆ ಹೇಳಿ.